ಅವನಿಗಾಗಿ ಅತ್ತ ಕಾಕು

ಮೊನ್ನೆ ಸಿಂದಗಿಯ ತವರುಮನೆಯಲ್ಲಿ ಅವ್ವ ಫೋನಿನಲ್ಲಿ ಮಾತಾಡುತ್ತ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಮರೆತಳು. ಸುಟ್ಟ ವಾಸನೆ ಪಡಸಾಲೆಗೆ ಬಂತು. ಪಕ್ಕದ ಮನೆಯ ಕಾಕು ನೆನಪಾದಳು. ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಆರಿಲ್ಲ...

ಕಾಕು ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದುಕೊಟ್ಟು ಮನೆ ನಡೆಸುತ್ತಿದ್ದಳು. ಗಂಡ ಕಟ್ಟೆಯ ಮೇಲೆ ಮಲಗಿರುತ್ತಿದ್ದ. ಕಾಯಿಲೆಯಿಲ್ಲ, ಕುಡಿತವಿಲ್ಲ, ಕೆಟ್ಟ ಮಾತೂ ಇಲ್ಲ. ಏನು ಹೇಳಿದರೂ "ನಾಳಿ ಮಾಡ್ತೇನಿ" ಎನ್ನುತ್ತಿದ್ದ, ಅಷ್ಟೇ. ಗಿರಣಿಯಿಂದ ಹಿಟ್ಟಿನ ಚೀಲವನ್ನು ಕಾಕುವೇ ಹೊತ್ತು ತರುತ್ತಿದ್ದಳು. ಅವನು ಕಾಲು ಮಡಚಿ ದಾರಿ ಬಿಡುತ್ತಿದ್ದ.

ಅವಳಿಗೆ ಓದು ಬರುತ್ತಿರಲಿಲ್ಲ. ಕಾಲೇಜು ಮುಗಿಸಿ ಬಂದು ನಾನು ವಾರಪತ್ರಿಕೆಯ ಧಾರಾವಾಹಿಯನ್ನು ಓದಿ ಹೇಳುತ್ತಿದ್ದೆ. ಆ ಕಥೆಯಲ್ಲೂ ಒಬ್ಬ ಮೈಗಳ್ಳ ಗಂಡ. ಸೋರುವ ಮಾಳಿಗೆಗೆ ಮಣ್ಣು ಹಾಕದೆ ಮುಂದೂಡುತ್ತಲೇ ಇದ್ದ. ಕೊನೆಗೊಂದು ಮಳೆಗೆ ಗೋಡೆ ಬಿತ್ತು, ಹೆಂಡತಿ ಕೂಸನ್ನೆತ್ತಿಕೊಂಡು ಮನೆ ಬಿಟ್ಟಳು. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ. ತಲೆಯೆತ್ತಿದರೆ ಕಾಕು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇನ್ನ ಅವಗ ಯಾರು ಉಣ್ಣಾಕ ನೀಡ್ತಾರವಾ?"

"ಅಂಥಾವ ಉಪಾಸ ಬೀಳಲಿ ಬಿಡ ಕಾಕು! ನೀ ಆಕಿ ಸಲುವಾಗಿ ಯಾಕ ಅಳಂಗಿಲ್ಲ?"

"ಆಕಿಗಿ ಕೈಕಾಲು ಗಟ್ಟಿ ಅದಾವ. ಅವಗ ಏನೂ ಬರಂಗಿಲ್ಲಲ್ಲ..."

ನಾನು ಪತ್ರಿಕೆ ಬಿಸಾಡಿ ಎದ್ದುಬಂದೆ. ಕಥೆಯೊಳಗಿನ ಮನುಷ್ಯನ ಮೇಲೆ ಇಷ್ಟು ಸಿಟ್ಟೇ ಎಂದು ಅವ್ವ ನಕ್ಕಳು. ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದವನ ಮೇಲಂತೂ ಯಾರಿಗೂ ಸಿಟ್ಟಿರಲಿಲ್ಲ.

ಮುಂದಿನ ಕಂತು ಹಿಡಿದು ಹೋದ ದಿನ ಕಾಕುವಿನ ಮನೆ ತುಂಬ ಹೊಗೆ. ಹಂಚಿನ ಮೇಲೆ ರೊಟ್ಟಿ ಕರಕಾಗಿತ್ತು. ಅವಳು ಗೋಡೆಗೊರಗಿ ಎದೆ ಹಿಡಿದು ಕೂತಿದ್ದಳು. "ಅವರು ಆಟೋ ತರಾಕ ಹೋಗ್ಯಾರ" ಎಂದಳು. ಹೋಗಿ ಬಹಳ ಹೊತ್ತಾಗಿತ್ತಂತೆ. ನಾನು ಬೀದಿಗೆ ಓಡಿದೆ. ಅವನು ಚಹಾದಂಗಡಿಯಲ್ಲಿ ಟಿವಿಯ ಮುಂದೆ ಕೂತು ಕ್ರಿಕೆಟ್ ನೋಡುತ್ತಿದ್ದ. ಅಂಗಡಿಯ ಪಕ್ಕದಲ್ಲೇ ಖಾಲಿ ಆಟೋ ನಿಂತಿತ್ತು.

"ಇದೊಂದು ಓವರ್ ಮುಗೀಲಿ ಅಂತ..." ಎಂದ.

ನಾನೇ ಆಟೋ ಕರೆತಂದು ಕಾಕುವನ್ನು ಹತ್ತಿಸಿದೆ. ನನ್ನ ಹೆಗಲಿಗೆ ತಲೆಯಿಟ್ಟು, "ಅವರಿಗಿ ಬೈಬ್ಯಾಡವಾ, ಇನ್ನಾ ಉಂಡಿಲ್ಲ" ಎಂದಳು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಮಣ್ಣಿಗೆ ಬಂದವರೆಲ್ಲ ಅವನ ಬೆನ್ನು ಸವರಿದರು. "ಪಾಪ, ಇವನ ಗತಿ ಹ್ಯಾಂಗ?" ಆಗ ನೀನು ಎಲ್ಲಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ನಾನು ಕೇಳಿದೆ, ಎಲ್ಲರೆದುರಿಗೇ. ಅವನು ಕೂಸಿನಂತೆ ಅತ್ತ. ಹೆಂಗಸರು ನನ್ನನ್ನೇ ಹೊರಗೆ ಕಳಿಸಿದರು.

ಈಗ ಓಣಿಯವರು ಪಾಳಿಯ ಮೇಲೆ ಅವನಿಗೆ ಊಟ ಕೊಡುತ್ತಾರೆ. ಮೊನ್ನೆ ನಮ್ಮ ಪಾಳಿ. ಅವ್ವ ತಾಟು ನನ್ನ ಕೈಗೇ ಕೊಟ್ಟಳು. ಅವನ ಮನೆಗೆ ಒಯ್ದು ಮುಂದಿಟ್ಟು ಕೂತೆ. ಅವನು ಮುದುಕನಾಗಿದ್ದಾನೆ. ನೋಡಿ ನನಗೂ ಪಾಪ ಎನಿಸಿತು. ಹಾಗೆನಿಸಿದ್ದಕ್ಕೂ ಸಿಟ್ಟು ಬಂತು.

"ಉಪ್ಪಿನಕಾಯಿ ಇಲ್ಲೇನವಾ?" ಎಂದು ಕೇಳಿದ.

"ಅಲ್ಲೇ ಗ್ವಾಡಿ ಗೂಡಿನ್ಯಾಗ ಭರಣಿ ಐತಲ್ಲ ಕಾಕಾ, ಎದ್ದು ಹಾಕ್ಕೋರಿ."

ಅವನು ಭರಣಿಯತ್ತ ನೋಡಿದ. ಏಳಲಿಲ್ಲ. ಬರೀ ರೊಟ್ಟಿ ಮುರಿದು ತಿನ್ನತೊಡಗಿದ. ನಾನೂ ಏಳಲಿಲ್ಲ. ಎದ್ದು ಕೊಡುತ್ತಿದ್ದವಳು ಈಗ ಆ ಮನೆಯಲ್ಲಿ ಇಲ್ಲ.