ಬಿ.ಜಿ. ಕೆರೆಯ ದಾರಿಯಲ್ಲಿ ಕಟ್ಟಿದ ಗಂಟಲು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆಗ ಚಳ್ಳಕೆರೆಯಲ್ಲಿ ನನ್ನದೊಂದು ಸ್ವಂತ ದವಾಖಾನೆಯಿತ್ತು. ಬಂದವರ ಊಟ, ನಿದ್ದೆ, ಮನೆಯ ಜಗಳ, ಮನಸ್ಸಿನ ಕೊರಗು ಎಲ್ಲವನ್ನೂ ಕೇಳಿ ತಿಳಿದ ಮೇಲೆಯೇ ಔಷಧ ಕೊಡುವುದು ನನ್ನ ಪದ್ಧತಿ. ಹಾಗಾಗಿ ಅವರು ಹೇಳುವ ಗಾಳಿ, ದೃಷ್ಟಿಗಳ ಕಥೆಯನ್ನೂ ತಲೆದೂಗುತ್ತ ಕೇಳುತ್ತಿದ್ದೆ. ಒಳಗೊಳಗೇ ನಗುತ್ತಿದ್ದೆ.

ಪ್ಲೇಗಿನ ಹಾವಳಿ ಇಳಿದು ಜನ ಊರಿಗೆ ಮರಳಿದ್ದ ಕಾಲ. ಮೊಳಕಾಲ್ಮುರಿನ ನೇಕಾರನೊಬ್ಬನ ಹೆಂಡತಿ ಹೆರಿಗೆಯಾದ ಮೇಲೆ ಏಳಲಾರದೆ ಮಲಗಿದ್ದಳು. ಅವಳನ್ನು ನೋಡಲು ಎತ್ತಿನ ಗಾಡಿಯಲ್ಲಿ ಹೊರಟಿದ್ದೆ. ಗಾಡಿ ಹೊಡೆಯುತ್ತಿದ್ದವನು ನನ್ನ ಹಳೆಯ ರೋಗಿ ಓಬಣ್ಣ.

ದಾರಿಯಲ್ಲಿ ಬಿ.ಜಿ. ಕೆರೆ ಎಂಬ ಊರು ಹತ್ತಿರವಾಗುತ್ತಿದ್ದಂತೆ ನನ್ನ ಗಂಟಲು ಹಿಡಿಯಿತು. ಗಟ್ಟಿಯಾದದ್ದೇನೋ ಅಡ್ಡ ಕೂತ ಹಾಗೆ. ನೀರು ಬಾಯಿಗೆ ಹಾಕಿಕೊಂಡರೆ ಹೊರಗೇ ಬಂತು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಕುತ್ತಿಗೆ ಮುಟ್ಟಿ ನೋಡಿಕೊಂಡೆ, ಬಾವಿಲ್ಲ, ಗಡ್ಡೆಯಿಲ್ಲ. ಗಂಟಲಮಾರಿಯೇ? ಅದಾದರೂ ಇಷ್ಟು ಬೇಗ ಉಸಿರು ಕಟ್ಟುತ್ತದೆಯೇ? ಈ ಬಯಲಿನಲ್ಲೇ ಸತ್ತರೆ ಹೆಂಡತಿ ಮಕ್ಕಳ ಗತಿಯೇನು? ಓಬಣ್ಣನನ್ನು ಕರೆಯಹೋದರೆ ಸ್ವರವೇ ಹೊರಡಲಿಲ್ಲ. ಅವನ ಭುಜ ಹಿಡಿದು ಅಲುಗಿಸಿದೆ.

ತಿರುಗಿ ನೋಡಿದವನು ಬೆದರಿದ. “ಏನಾತ್ರೀ ಸ್ವಾಮಿ? ಮುಖ ಕಪ್ಪಿಟ್ಟೈತಲ್ಲ!”

ಎತ್ತು ಓಡಿಸಿ ಊರಿನ ಮೊದಲ ಮನೆಯ ಮುಂದೆ ಗಾಡಿ ನಿಲ್ಲಿಸಿದ. ನಾನು ಗೋಡೆ ಹಿಡಿದುಕೊಂಡು ಒಳಗೆ ಹೋದೆ.

ಅಲ್ಲಿ ಒಬ್ಬ ಮುದುಕಿ ಮೊಮ್ಮಗಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಗೋಳಾಡುತ್ತಿದ್ದಳು. ಮಗುವಿನ ತುಟಿ ನೀಲಿಯಾಗಿತ್ತು. ನನ್ನ ಸಂಕಟ ಮರೆತು, ಅದನ್ನು ತಲೆಕೆಳಗಾಗಿ ಹಿಡಿದು ಬೆನ್ನಿಗೆ ಗುದ್ದಿದೆ. ಮತ್ತೆ ಗುದ್ದಿದೆ. ಹುಣಸೆಬೀಜವೊಂದು ನೆಲಕ್ಕೆ ಬಿತ್ತು. ಮಗು ಚೀರಿತು. ಆ ಕ್ಷಣವೇ ನನ್ನ ಗಂಟಲೂ ಬಿಟ್ಟಿತು.

ಸುಧಾರಿಸಿಕೊಂಡ ಮೇಲೆ ಕೇಳಿದೆ: “ಬೋರಲು ಹಾಕ್ಬೇಕು ಅಂತ ನಿಂಗೆ ಯಾರಜ್ಜಿ ಹೇಳಿದ್ದು?”

ಅವಳು ಕಣ್ಣೊರೆಸಿಕೊಳ್ಳುತ್ತ ನನ್ನನ್ನೇ ವಿಚಿತ್ರವಾಗಿ ನೋಡಿದಳು. “ನೀವೇ ಹೇಳಿದ್ರಲ್ರೀ! ‘ಕೂಸಿನ್ನ ಬೋರ್ಲು ಹಾಕು, ಬಂದೆ’ ಅಂತ ಬೀದಿಯಾಗಿಂದ ಕೂಗಿದ್ರಲ್ಲ.”

ಬಾಗಿಲಲ್ಲಿ ನಿಂತಿದ್ದ ಓಬಣ್ಣ ತಲೆಯಾಡಿಸಿದ. “ಇವ್ರು ಬಾಯೇ ಬಿಡ್ಲಿಲ್ಲ ಕಣಜ್ಜಿ. ಕೂಗಾಕೆ ಉಸ್ರಾದ್ರೂ ಎಲ್ಲಿತ್ತು?”

“ನಂಗೇನು ಕಿವುಡೇನಪ್ಪ? ಇದೇ ದನಿ,” ಎಂದಳು ಮುದುಕಿ. ನಾವು ಎಷ್ಟು ಕೇಳಿದರೂ ಅವಳು ಮಾತು ಬದಲಿಸಲಿಲ್ಲ.

ಅಂದು ಮೊಳಕಾಲ್ಮುರಿಗೆ ಹೋಗಿ ಬಾಣಂತಿಯನ್ನು ನೋಡಿದೆ. ಆಯಾಸಕ್ಕೆ, ಬಿಸಿಲಿಗೆ ಗಂಟಲು ಕಟ್ಟಿರಬೇಕು ಎಂದು ವೈದ್ಯ ಮಿತ್ರನೊಬ್ಬ ಆಮೇಲೆ ಸಮಾಧಾನ ಹೇಳಿದ. ಇರಬಹುದು. ಆದರೆ ಆ ಮನೆಯಲ್ಲಿ ಮಗುವಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಕೂಗಿದವನು ನಾನೇ ಆಗಿದ್ದರೆ, ಆ ಕೂಗು ನನ್ನ ಕಿವಿಗೇಕೆ ಬೀಳಲಿಲ್ಲ?