ಏಳನೇ ಮರದ ಎಲೆ

ಏಳನೇ ಮರದ ಎಲೆಯನ್ನು ನಾನು ಕೀಳಲೇ ಇಲ್ಲ. ಪೊಟ್ಟಣದ ಮೇಲೆ ಏಳು ಎಂದು ಬರೆದು, ಒಳಗೆ ತುಂಬಿದ್ದು ಪಕ್ಕದ ಆರನೇ ಮರದ ಎಲೆ. ಏಳರ ಚಿಗುರು ಎತ್ತರದಲ್ಲಿತ್ತು, ಏಣಿ ತರಲು ಸೋಮಾರಿತನ — ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಅದು ಇನ್ನೊಂದು ಸುಳ್ಳು.

ಬಿಟ್ಟಂಗಾಲದ ಹತ್ತಿರದ ಒಂದು ನರ್ಸರಿಯಲ್ಲಿ ಸ್ಯಾಂಪಲ್ ಸಂಗ್ರಹಿಸುವುದು ನನ್ನ ಕೆಲಸ. ಕೊಡಗಿನ ಕಿತ್ತಳೆ ದಪ್ಪ ಸಿಪ್ಪೆಯ ಹುಳಿ ಹೇರಳೆಕಾಯಿಯ ಜೊತೆ, ನಿಂಬೆಯ ಜೊತೆ ಸಲೀಸಾಗಿ ಬೆರೆತುಬಿಡುತ್ತದೆ. ಕಣ್ಣಿಗೆ ಮಾತ್ರ ಎಲ್ಲವೂ ಕಿತ್ತಳೆಯೇ. ಅಪ್ಪಟ ಯಾವುದು, ಬೆರಕೆ ಯಾವುದು ಎಂದು ಎಲೆಯ ಡಿಎನ್‌ಎ ನೋಡಿ ಹೇಳಬೇಕಿತ್ತು. ಅಪ್ಪಟವೆಂದಾದ ಮರದ ಬೀಜದಿಂದಲೇ ಸಸಿ ಮಾಡಿ ಬೆಳೆಗಾರರಿಗೆ ಮಾರುತ್ತಿದ್ದರು.

ಸಸಿ ನೋಡಿಕೊಳ್ಳುತ್ತಿದ್ದವರು ಸಂಪಾಜೆಯ ಪಾರ್ವತಿಯಕ್ಕ. ಎಲೆ ಹಿಸುಕಿ ಮೂಸಿದರೆ ಸಾಕು, ಮರದ ಜಾತಕ ಹೇಳುತ್ತಿದ್ದರು. ಏಳು ಅಪ್ಪಟ ಎಂದು ಫಲಿತಾಂಶ ಬಂದ ದಿನ ಎಲ್ಲರೆದುರು ಎದ್ದುನಿಂತರು.

"ಏಳು ಬೆರಕೆ ಸಾರ್. ಅದ್ರ ಎಲೇಲಿ ಹೇರಳೆ ವಾಸನೆ ಉಟ್ಟು."

ಆಗಲೇ ಬಾಯಿ ಬಿಡಬಹುದಿತ್ತು. ಬಿಟ್ಟೆ —

"ಯಂತ್ರಕ್ಕೆ ಮೂಗಿಲ್ಲ ಅಕ್ಕ, ಅದಕ್ಕೇ ಅದು ಸುಳ್ಳು ಹೇಳಲ್ಲ."

ಎಲ್ಲರೂ ನಕ್ಕರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಕೋಪ ನಕ್ಕವರ ಮೇಲಲ್ಲ — ಇಲ್ಲ, ಅವರ ಮೇಲೂ. ಇನ್ನೊಂದು ಎಲೆ ಕಿತ್ತು ನೋಡೋಣ ಎಂದು ಒಬ್ಬನಾದರೂ ಹೇಳಲಿಲ್ಲವಲ್ಲ! ಹೇಳಬೇಕಾದವನು ನಾನು, ನಾನೇ ನಗಿಸುತ್ತಾ ನಿಂತಿದ್ದೆ.

ಅಕ್ಕ ಸುಮ್ಮನಾಗಲಿಲ್ಲ. ಸಸಿ ಕೊಳ್ಳಲು ಬಂದವರಿಗೆಲ್ಲ ಏಳರದ್ದು ಬೇಡ ಎಂದರು. ನರ್ಸರಿಯ ಹೆಸರು ಕೆಡಿಸುತ್ತಾಳೆ ಎಂದು ದೂರು ಬರೆದು ಮಾಲೀಕರು ಅವರನ್ನು ಕೆಲಸದಿಂದ ತೆಗೆದರು. ಆ ದೂರಿಗೆ ಸಾಕ್ಷಿಯಾಗಿ ಸಹಿ ಹಾಕಿದವನು — ಮತ್ತೆ ನಾನೇ.

ಈಗ ಆ ಸಸಿಗಳು ಅಮ್ಮತ್ತಿಯ ಸುತ್ತಲಿನ ಕಾಫಿ ತೋಟಗಳಲ್ಲಿ ಹಣ್ಣು ಬಿಟ್ಟಿವೆ. ದಪ್ಪ ಸಿಪ್ಪೆ, ಬಾಯಿಗಿಡಲಾಗದ ಹುಳಿ. ಬೆಳೆಗಾರರು ತಮ್ಮ ಮಣ್ಣನ್ನು ಬೈದುಕೊಳ್ಳುತ್ತಿದ್ದಾರೆ. ಎಂಟು ವರ್ಷ ತಡವಾಗಿ ಏಣಿ ಹಾಕಿ ಏಳರ ಎಲೆ ಕಿತ್ತು ಪರೀಕ್ಷೆಗೆ ಕಳಿಸಿದೆ. ಬೆರಕೆ. ಅಕ್ಕ ಹೇಳಿದ ಹೇರಳೆಯೇ.

ಕಳೆದ ಭಾನುವಾರ ವರದಿ ಹಿಡಿದು ಸಂಪಾಜೆಗೆ ಹೋದೆ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಅಕ್ಕ ಆ ಕಾಗದ ಮುಟ್ಟಲಿಲ್ಲ.

"ಮರದ್ದು ನಂಗೆ ಆಗ್ಲೇ ಗೊತ್ತಿತ್ತ್. ನಿಂದ್ ಗೊತ್ತಿರ್ಲೆ, ಈಗ ಗೊತ್ತಾತ್."

ಕೂರು ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಬರೆದ ಇಷ್ಟನ್ನೂ ನಾಳೆ ಅದೇ ನರ್ಸರಿಯಲ್ಲಿ, ಅದೇ ಜನರೆದುರು ನಿಂತು ಓದುತ್ತೇನೆ. ನಗುವವರು ನಗಲಿ.