ಎರಡು ಸಲ ಹೇಳುವ ಪಾಠ

ಎರಡು ಸಾವಿರದ ಆರನೆಯ ಇಸವಿ ಇರಬೇಕು. ಪುಣೆಯಲ್ಲಿದ್ದ ಶಿಷ್ಯನಿಗೆ ವೇದಪಾಠ ಹೇಳಲು ಅಪ್ಪ ಸಂಪಗಾಂವದಿಂದ ಬೈಲಹೊಂಗಲದ ಸೈಬರ್ ಕೆಫೆಗೆ ಬರುತ್ತಿದ್ದರು. ಅವನ ಪರೀಕ್ಷೆಗೆ ಒಂದೇ ವಾರವಿತ್ತು, ಕೊನೆಯ ಅಧ್ಯಾಯ ಬಾಕಿಯಿತ್ತು. ಕಂಪ್ಯೂಟರ್ ಹಚ್ಚಿಕೊಡುವವನು ನಾನು. ನನಗೆ ವೇದದಲ್ಲೂ ನಂಬಿಕೆ ಇರಲಿಲ್ಲ, ಆ ನೆಟ್ಟಿನಲ್ಲೂ ಇರಲಿಲ್ಲ.

ಮೊದಲ ದಿನವೇ ಶಿಷ್ಯನ ಮುಖ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ದನಿ ತುಂಡುತುಂಡಾಗಿ ಬಂತು.

"ಅಪ್ಪಾ, ಇದು ಆಗೂದಲ್ಲ, ಬಿಡ್ರಿ," ಎಂದೆ.

"ಅವನ ಮಾರಿ ನೋಡಿ ನಾ ಏನ್ ಮಾಡ್ಲಿ? ಚಿತ್ರ ಬಂದ್ ಮಾಡು, ದನಿ ಅಷ್ಟ ಇರ್ಲಿ."

ಚಿತ್ರ ನಿಲ್ಲಿಸಿದ ಮೇಲೂ ನಡುನಡುವೆ ಅಕ್ಷರಗಳು ಕಳೆದುಹೋಗುತ್ತಿದ್ದವು. ಆದರೆ ಗುರು ಒಮ್ಮೆ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳುವುದು ಈ ಪಾಠದ ಕ್ರಮ. ಮೊದಲ ಸಲ ಬಾರದ ಅಕ್ಷರ ಎರಡನೆಯ ಸಲ ಕೇಳಿಸುತ್ತಿತ್ತು.

ಒಂದು ಕಡೆ ಒಂದು ಅಕ್ಷರ ಎರಡು ಸಲವೂ ಕೇಳಿಸಲಿಲ್ಲ; ಅಪ್ಪ ಅವನನ್ನು ತಡೆದರು. "ಗುರುಗಳ, ನೆಟ್ ನುಂಗಿರಬೇಕ್ರಿ," ಎಂದ ಶಿಷ್ಯ.

"ಎರಡೂ ಸಲ ಅದ ಅಕ್ಷರ ನುಂಗಲಿಕ್ಕೆ ನೆಟ್ಟಿಗೇನು ಅದರ ಮ್ಯಾಲೆ ಸಿಟ್ಟೇನೋ? ನೀನ ನುಂಗೀದಿ. ಮತ್ತ ಹೇಳು."

ಅವನು ಹೇಳಿದ. ಇಡೀ ಪಾಠಕ್ಕೆ ಮೂರು ಮಧ್ಯಾಹ್ನ ಹಿಡಿಯಿತೋ ನಾಲ್ಕೋ, ನನ್ನ ನೆನಪನ್ನು ನಂಬಲಾರೆ. ಪರೀಕ್ಷೆಯ ಹಿಂದಿನ ದಿನ ಅಧ್ಯಾಯ ಮುಗಿದಿತ್ತು.